ಸೆನಾಕ್ವ್: ನಕ್ಷೆಯಿಂದ ಅಳಿಸಿದ ಊರು ವಾಪಸ್ ಬಂದಾಗ

ಕೆನಡಾದ ವ್ಯಾಂಕೂವರ್ ನಗರದಲ್ಲಿ, ಬರ್ರಾರ್ಡ್ ಸೇತುವೆಯ ದಕ್ಷಿಣ ತುದಿಗೆ ಒಂದು ಜಾಗ ಇದೆ. ಸುಮಾರು 10.5 ಎಕರೆ. ಚೌಕವಲ್ಲ, ಆಯತವೂ ಅಲ್ಲ. ದರ್ಜಿ ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ತುಂಡಿನ ಹಾಗೆ ಸೇತುವೆಯ ಎರಡೂ ಮಗ್ಗುಲಿಗೆ ಹರಡಿಕೊಂಡಿದೆ. ಅಲ್ಲಿ 11 ಗೋಪುರಗಳ ಯೋಜನೆ ಹಾಕಿ ಹಂತ ಹಂತವಾಗಿ ಕಟ್ಟುತ್ತಿದ್ದಾರೆ. ಒಟ್ಟು ಸುಮಾರು 6,000 ಬಾಡಿಗೆ ಮನೆಗಳು. ಎತ್ತರದವು 50 ಮಹಡಿ ದಾಟುತ್ತವೆ. ಪಕ್ಕದ ಬೀದಿಗಳಲ್ಲಿ ಇರುವುದು ಎರಡು ಮೂರು ಮಹಡಿಯ ಮನೆ, ಹಿತ್ತಲು, ಮರ, ಆಮೇಲೆ ಸಮುದ್ರ.

ಈ ಗೋಪುರಗಳಿಗೆ ನಗರಪಾಲಿಕೆ ಪ್ಲಾನ್ ಸ್ಯಾಂಕ್ಷನ್ ಮಾಡಿಲ್ಲ. ಯಾರೂ ಕೇಳಿಯೂ ಇಲ್ಲ. ಅಕ್ರಮ ಕಟ್ಟಡ ಅಂದುಕೊಳ್ಳಬೇಡಿ, ಆ ಜಾಗದ ಮೇಲೆ ಪಾಲಿಕೆಯ ಝೋನಿಂಗ್, ಅಂದರೆ ಎಲ್ಲಿ ಏನು ಎಷ್ಟೆತ್ತರ ಕಟ್ಟಬಹುದು ಅನ್ನುವ ನಿಯಮ, ನಡೆಯುವುದೇ ಇಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಶ್ ಜನರಿಗೆ ಮೀಸಲಾದ ರಿಸರ್ವ್ ಭೂಮಿ. ಅವರ ಹಳೇ ಊರು ಸೆನಾಕ್ವ್ ಇದ್ದ ಜಾಗ. ಊರಿನ ಹೆಸರನ್ನೇ ಯೋಜನೆಗೂ ಇಟ್ಟಿದ್ದಾರೆ.

ನಗರ ಯೋಜನೆಯ ಸಿದ್ಧಾಂತ ಓದಿದವರು ಈ ಪ್ರಕರಣದ ಮುಂದೆ ಸ್ವಲ್ಪ ತಡವರಿಸುತ್ತಾರೆ. ನಾನೂ ತಡವರಿಸಿದೆ. ಆ ಪುಸ್ತಕಗಳಲ್ಲಿ ಮೂಲನಿವಾಸಿಗಳಿಗೆ ಇಟ್ಟಿರುವ ಜಾಗ ಸಾಮಾನ್ಯವಾಗಿ ಎರಡೇ. ಒಂದು, ಸಂಸ್ಕೃತಿ ಮತ್ತು ಪರಂಪರೆ ಅನ್ನುವ ಖಾನೆ: ಒಂದು ಕೆತ್ತನೆಯ ಕಂಬ, ಒಂದು ಗೋಡೆ ಚಿತ್ರ, ಬೀದಿಗೆ ಅವರ ಭಾಷೆಯ ಹೆಸರು. ಇನ್ನೊಂದು, ಅಭಿಪ್ರಾಯ ಕೇಳಬೇಕಾದವರ ಪಟ್ಟಿ: ವ್ಯಾಪಾರಿಗಳ ಸಂಘ, ಸೈಕಲ್ ಸವಾರರ ಸಂಘ, ನಿವಾಸಿಗಳ ಸಂಘ, ಅದರ ಜೊತೆಗೆ ಇವರೂ. ಮನೆ ಯಜಮಾನನಿಗೇ ಜಗಲಿಯಲ್ಲಿ ಟೋಕನ್ ಕೊಟ್ಟು, ನಿಮ್ಮ ನಂಬರ್ ಬಂದಾಗ ಕರೀತೀವಿ ಅಂದ ಹಾಗೆ. ಸೆನಾಕ್ವ್‌ನಲ್ಲಿ ಸ್ಕ್ವಾಮಿಶ್ ಜನ ಆ ಟೋಕನ್ ತಗೊಳ್ಳಲಿಲ್ಲ. ಯೋಜನೆ ಮಾಡುವ ಸರ್ಕಾರವಾಗಿ ಅವರೇ ಬಂದರು. ಅದು ಹೇಗಾಯಿತು ಅಂತ ಗೊತ್ತಾಗಬೇಕಾದರೆ 150 ವರ್ಷ ಹಿಂದಕ್ಕೆ ಹೋಗಲೇಬೇಕು.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಸ್ಕ್ವಾಮಿಶ್ ಅನ್ನುವುದು ಇಂಗ್ಲಿಷಿನವರ ಬಾಯಲ್ಲಿ ಸವೆದು ಬಂದ ರೂಪ. ಅವರು ತಮ್ಮ ಭಾಷೆಯಲ್ಲಿ ತಮ್ಮ ಹೆಸರು ಬರೆಯುವಾಗ ನಡುವೆ 7 ಅನ್ನುವ ಅಂಕಿ ಬರುತ್ತದೆ. ಅಚ್ಚಿನ ತಪ್ಪಲ್ಲ. ಗಂಟಲನ್ನು ಒಂದು ಕ್ಷಣ ಹಿಡಿದು ಬಿಡುವ ಸದ್ದಿಗೆ ಅವರು ಇಟ್ಟುಕೊಂಡಿರುವ ಅಕ್ಷರ ಅದು. ನಾನಿಲ್ಲಿ ಕನ್ನಡದ ಬಾಯಿಗೆ ಸಿಕ್ಕಷ್ಟು ಬರೆದಿದ್ದೇನೆ.

ಫಾಲ್ಸ್ ಕ್ರೀಕ್ ಅನ್ನುವ ಕಿರಿದಾದ ಕೊಲ್ಲಿಯ ಬಾಯಲ್ಲಿ ಇದ್ದ ಊರು ಸೆನಾಕ್ವ್. ಮರದ ಹಲಗೆಯ ಉದ್ದನೆಯ ಮನೆಗಳು, ಒಂದೊಂದರಲ್ಲಿ ಹಲವು ಸಂಸಾರ. ಸ್ಮಶಾನ, ಮುಂದೆ ಹಣ್ಣಿನ ತೋಟ. ಎದುರಿಗೆ ನೀರು ಇಳಿದಾಗ ಕಾಣುವ ಮರಳದಿಬ್ಬಗಳು. ಅಲ್ಲಿ ಬೇಲಿ ಹಾಕಿ ಮೀನು ಹಿಡಿಯುತ್ತಿದ್ದರು. 1915ರ ಹೊತ್ತಿಗೆ ಕೊಲ್ಲಿಯ ಹೂಳೆತ್ತಿ ಅದೇ ದಿಬ್ಬದ ಮೇಲೆ ಸುರಿದು ಕಾರ್ಖಾನೆಗಳಿಗೆ ಜಾಗ ಮಾಡಿದರು. ವ್ಯಾಂಕೂವರಿಗೆ ಹೋದ ನಮ್ಮ ಕಡೆಯವರೆಲ್ಲ ಫೋಟೋ ಹಾಕುತ್ತಾರಲ್ಲ, ಗ್ರ್ಯಾನ್‌ವಿಲ್ ಐಲ್ಯಾಂಡ್, ಅದೇ ಇದು.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಹೆಚ್ಚಿನ ಭಾಗದಲ್ಲಿ ಮೂಲನಿವಾಸಿಗಳ ಜೊತೆ ಭೂಮಿಯ ಒಪ್ಪಂದವೇ ಆಗಿಲ್ಲ. ಯುದ್ಧ ಮಾಡಿ ಗೆದ್ದದ್ದಲ್ಲ, ದುಡ್ಡು ಕೊಟ್ಟು ಕೊಂಡದ್ದೂ ಅಲ್ಲ. ಬಂದರು, ಅಳೆದರು, ಇದು ರಾಣಿಯ ಜಾಗ ಅಂದರು. ಮೊದಲಿಂದ ಇದ್ದವರಿಗೆ ನಿಮ್ಮದು ಇಷ್ಟೇ ಅಂತ ಗೆರೆ ಎಳೆದು ಕೊಟ್ಟದ್ದೇ ರಿಸರ್ವ್. ಸೆನಾಕ್ವ್ ಸುತ್ತ 1869ರಲ್ಲಿ ಮೊದಲ ಗೆರೆ ಬಿತ್ತು. 1877ರಲ್ಲಿ ಅದನ್ನು ಸುಮಾರು 80 ಎಕರೆಗೆ ಹಿಗ್ಗಿಸಿದರು. ದಾಖಲೆಯಲ್ಲಿ ಅದು ಕಿಟ್ಸಿಲಾನೊ ಇಂಡಿಯನ್ ರಿಸರ್ವ್ ನಂಬರ್ 6 (ಇಂಡಿಯನ್ ಅಂದರೆ ನಾವಲ್ಲ, ಅಲ್ಲಿನ ಮೂಲನಿವಾಸಿಗಳು). ವ್ಯಾಂಕೂವರ್ ನಗರ ಅಂತ ಒಂದು ಆದದ್ದು 1886ರಲ್ಲಿ. ಅಂದರೆ ರಿಸರ್ವ್ ನಗರಕ್ಕಿಂತ ಹಳೆಯದು, ಊರು ರಿಸರ್ವಿಗಿಂತ ಎಷ್ಟೋ ಹಳೆಯದು. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬಂದ ನಕ್ಷೆಗಳಲ್ಲಿ ಇದು ತಲೆಕೆಳಗಾಗುತ್ತದೆ.

ನಗರ ಹುಟ್ಟಿದ ವರ್ಷವೇ ರಿಸರ್ವಿನೊಳಗೆ ಕೆನಡಿಯನ್ ಪೆಸಿಫಿಕ್ ರೈಲ್ವೆ ಹಳಿಗೆ ಅಂತ ಒಂದಿಷ್ಟು ಜಾಗ ತೆಗೆದುಕೊಂಡಿತು. 1902ರಲ್ಲಿ ಇನ್ನೊಂದಿಷ್ಟು. ಕೊಲ್ಲಿಯ ಆಚೆ, ಇವತ್ತಿನ ಸ್ಟ್ಯಾನ್ಲಿ ಪಾರ್ಕಿನಲ್ಲೂ ಸ್ಕ್ವಾಮಿಶ್ ಮನೆಗಳಿದ್ದವು. 1880ರ ದಶಕದ ಕೊನೆಯಲ್ಲಿ ಪಾರ್ಕಿಗೆ ರಸ್ತೆ ಗುರುತು ಮಾಡಲು ಸರ್ವೆಯವರು ಬಂದರು. ಆಗ ಚಿಕ್ಕ ಹುಡುಗನಾಗಿದ್ದ ಆಗಸ್ಟ್ ಜ್ಯಾಕ್ ಖಾಟ್ಸಲಾನೊ ಮುಂದೆ ವಯಸ್ಸಾದ ಮೇಲೆ ನಗರದ ದಾಖಲೆ ಪಾಲಕರ ಹತ್ತಿರ ಅದನ್ನು ಹೇಳಿಕೊಂಡಿದ್ದಾರೆ: ತಾವೆಲ್ಲ ಒಳಗೆ ಊಟ ಮಾಡುತ್ತಾ ಕೂತಿದ್ದಾಗಲೇ ಸರ್ವೆಯವರು ಮನೆಯ ಮೂಲೆ ಕಡಿದು ಹಾಕಿದರು ಅಂತ. ರಸ್ತೆಯ ಗೆರೆ ಆ ಮೂಲೆಯ ಮೇಲೆ ಹೋಗುತ್ತಿತ್ತು, ಅಷ್ಟೇ ಕಾರಣ. ಆ ಕುಟುಂಬ ಆಮೇಲೆ ಸೆನಾಕ್ವ್‌ಗೆ ಬಂದು ನೆಲೆಸಿತು. ಅವರ ಅಜ್ಜನ ಹೆಸರನ್ನೇ ಒಂದಿಷ್ಟು ತಿರುಚಿ ರೈಲ್ವೆಯವರ ಹೊಸ ಬಡಾವಣೆಗೆ ಇಟ್ಟರು: ಕಿಟ್ಸಿಲಾನೊ. ಈಗ ಜನ ಇನ್ನೂ ಚಿಕ್ಕದು ಮಾಡಿ ಕಿಟ್ಸ್ ಅನ್ನುತ್ತಾರೆ.

1911ರಲ್ಲಿ ಕೆನಡಾದ ಇಂಡಿಯನ್ ಕಾಯ್ದೆಗೆ ಒಂದು ತಿದ್ದುಪಡಿ ಬಂತು. 8,000 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಪಟ್ಟಣದ ಒಳಗೋ ಪಕ್ಕದಲ್ಲೋ ರಿಸರ್ವ್ ಇದ್ದರೆ, ನ್ಯಾಯಾಲಯದ ಆದೇಶ ಪಡೆದು, ಅಲ್ಲಿನವರ ಒಪ್ಪಿಗೆ ಇಲ್ಲದೆಯೂ ಎಬ್ಬಿಸಬಹುದು ಅಂತ. ನನ್ನ ಮಟ್ಟಿಗೆ ಇದು ಇಡೀ ಪ್ರಕರಣದ ಕೀಲಿ. ಪಟ್ಟಣ ಬೆಳೆದರೆ ಮೂಲನಿವಾಸಿ ಜಾಗ ಖಾಲಿ ಮಾಡಬೇಕು, ನಗರ ಮತ್ತು ಆದಿವಾಸಿ ಒಂದೇ ಕಡೆ ಇರಬಾರದು, ಅನ್ನುವ ನಂಬಿಕೆ ಯಾರದೋ ಮನಸ್ಸಿನಲ್ಲಿ ಇದ್ದ ಪೂರ್ವಗ್ರಹ ಮಾತ್ರ ಆಗಿರಲಿಲ್ಲ, ಜನಸಂಖ್ಯೆಯ ಅಂಕಿಯ ಸಮೇತ ಕಾನೂನಾಗಿ ಅಚ್ಚಾಗಿತ್ತು.

ವಿಚಿತ್ರ ಅಂದರೆ ಸೆನಾಕ್ವ್‌ನಲ್ಲಿ ಆ ದಾರಿಯನ್ನೂ ಹಿಡಿಯಲಿಲ್ಲ. 1913ರಲ್ಲಿ ಪ್ರಾಂತ್ಯ ಸರ್ಕಾರ ನೇರವಾಗಿ ಬಂತು. ಸುಮಾರು 20 ಮನೆಗಳಿದ್ದವು. ಮನೆಯ ಯಜಮಾನರಿಗೆ ತಲಾ 11,250 ಡಾಲರ್ ಅಂತ ಹೇಳಿ ಸಹಿ ಹಾಕಿಸಿಕೊಂಡರು. ರಿಸರ್ವ್ ಭೂಮಿಯನ್ನು ಹೀಗೆ ಮನೆಮನೆಯಿಂದ ಕೊಳ್ಳುವ ಅಧಿಕಾರ ಪ್ರಾಂತ್ಯಕ್ಕೆ ಇರಲೇ ಇಲ್ಲ, ಅದು ಕೇಂದ್ರದ ವಿಷಯ. ಜನರನ್ನು, ಸಾಮಾನು ಸಮೇತ, ಒಂದು ಬಾರ್ಜ್ ಮೇಲೆ ಹತ್ತಿಸಿ ನೀರಿನ ಮೇಲೆ ಎಳೆದುಕೊಂಡು ಹೋದರು. ಹಿಂದೆ ಮನೆಗಳಿಗೆ ಬೆಂಕಿ ಇಟ್ಟರು. ನೋಟಿಸ್ ಅಂಟಿಸಿ ಜೆಸಿಬಿ ತರುವ ಕಾಲದವರಾದ ನಮಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಜನ ಹೋದರೂ ಕಾಗದದ ಮೇಲೆ ರಿಸರ್ವ್ ಉಳಿದುಕೊಂಡಿತು. ಇಲ್ಲಿ ಪ್ಲ್ಯಾನರ್‌ಗಳು ಬರುತ್ತಾರೆ.

1926ರಲ್ಲಿ ವ್ಯಾಂಕೂವರಿಗೆ ಒಂದು ಯೋಜನಾ ಆಯೋಗ ಆಯಿತು. ಅಮೆರಿಕದ ಸೇಂಟ್ ಲೂಯಿಯ ಹಾರ್ಲೆಂಡ್ ಬಾರ್ಥಲೊಮ್ಯೂ ಅವರ ಸಂಸ್ಥೆಯನ್ನು ಕರೆಸಿ ಇಡೀ ನಗರಕ್ಕೆ ಯೋಜನೆ ಬರೆಸಿದರು. 1929ರಲ್ಲಿ ದಪ್ಪ ಪುಸ್ತಕವಾಗಿ ಬಂತು. ಆ ಕಾಲಕ್ಕೆ ಬಹಳ ಒಳ್ಳೆ ಕೆಲಸ ಅದು, ಸುಳ್ಳು ಹೇಳಬಾರದು. ಮುಖ್ಯ ರಸ್ತೆ, ಟ್ರಾಮ್, ಬಂದರು, ಪಾರ್ಕು, ಝೋನಿಂಗ್, ಎಲ್ಲವನ್ನೂ ಅಂಕಿಅಂಶ ಸಮೇತ ಒಂದಕ್ಕೊಂದು ಹೊಂದಿಸಿದ್ದಾರೆ. ಸಿದ್ಧಾಂತದ ಪುಸ್ತಕಗಳಲ್ಲಿ ತರ್ಕಬದ್ಧ ಸಮಗ್ರ ಯೋಜನೆ ಅನ್ನುತ್ತಾರಲ್ಲ, ಅದರ ಮಾದರಿ. ತಜ್ಞ ಮೇಲಿಂದ ನೋಡುತ್ತಾನೆ, ಎಲ್ಲರ ಹಿತವನ್ನೂ ಲೆಕ್ಕ ಹಾಕುತ್ತಾನೆ, ಯಾವ ಜಾಗ ಯಾವುದಕ್ಕೆ ಸೂಕ್ತ ಅಂತ ಹೇಳುತ್ತಾನೆ. ಹಾಗೆ ನೋಡಿದ ಕಣ್ಣಿಗೆ ಸೆನಾಕ್ವ್ ಹೇಗೆ ಕಂಡಿತು? ಪೇಟೆಯ ಎದುರಿಗೆ, ಕಡಲ ಅಂಚಿಗೆ, ಖಾಲಿ ಬಿದ್ದಿರುವ ಒಳ್ಳೆ ಜಾಗ. ಪಾರ್ಕ್ ಮಾಡಲು ಹೇಳಿಮಾಡಿಸಿದ್ದು. ಯೋಜನೆಯೂ ಹಾಗೇ ಸಲಹೆ ಕೊಟ್ಟಿತು. ಆ ಜಾಗ ಖಾಲಿ ಯಾಕಾಯಿತು ಅನ್ನುವ ಪ್ರಶ್ನೆ ಸೂಕ್ತ ಬಳಕೆಯ ಲೆಕ್ಕದಲ್ಲಿ ಬರುವುದಿಲ್ಲ. 16 ವರ್ಷದ ಹಿಂದಿನ ಬೆಂಕಿ ನಕ್ಷೆಯಲ್ಲಿ ಕಾಣುವುದಿಲ್ಲ.

ಜೋರ್ಡನ್ ಸ್ಟ್ಯಾಂಗರ್-ರಾಸ್ ಅನ್ನುವ ಇತಿಹಾಸಕಾರರು ಇದೇ ರಿಸರ್ವಿನ ಕಥೆ ಹಿಡಿದು ಒಂದು ಮಾತು ಬಳಸಿದ್ದಾರೆ, ಕನ್ನಡದಲ್ಲಿ ಪಾಲಿಕೆಯ ವಸಾಹತುಶಾಹಿ ಅನ್ನಬಹುದು. ವಸಾಹತುಶಾಹಿ ಅಂದರೆ ನಾವು ದೊಡ್ಡ ದೊಡ್ಡದನ್ನು ನೆನೆಸಿಕೊಳ್ಳುತ್ತೇವೆ: ವೈಸರಾಯ್, ಸೈನ್ಯ, ಲಂಡನ್. ಇಲ್ಲಿ ಕೆಲಸ ಮಾಡಿದ್ದು ಪಾರ್ಕು ಸಮಿತಿ, ರಸ್ತೆ ಅಗಲೀಕರಣ, ಸೇತುವೆಯ ಕಂಬ. ಎಲ್ಲವೂ ಸಾರ್ವಜನಿಕ ಹಿತಕ್ಕೆ. ಆ ಸಾರ್ವಜನಿಕ ಅನ್ನುವ ಪದದೊಳಗೆ ಸ್ಕ್ವಾಮಿಶ್ ಜನ ಇರಲಿಲ್ಲ, ಕಾನೂನಿನ ಅರ್ಥದಲ್ಲೇ ಇರಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಾಂತ್ಯದ ಚುನಾವಣೆಗೆ ಅವರಿಗೆ ಮತ ಸಿಕ್ಕಿದ್ದು 1949ರಲ್ಲಿ, ಕೇಂದ್ರದ ಚುನಾವಣೆಗೆ 1960ರಲ್ಲಿ. ಅದಕ್ಕಿಂತ ಹೆಚ್ಚಿನದು: 1927ರಿಂದ 1951ರ ತನಕ ಭೂಮಿಯ ಹಕ್ಕಿಗಾಗಿ ದಾವೆ ಹೂಡಲು ಅವರು ದುಡ್ಡು ಒಟ್ಟುಮಾಡುವುದೇ ಅಪರಾಧವಾಗಿತ್ತು. ವಕೀಲರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬಾರ್ಥಲೊಮ್ಯೂ ಯೋಜನೆ ಬಂದದ್ದು ಸರಿಯಾಗಿ ಆ ಅವಧಿಯಲ್ಲಿ. ಆಕ್ಷೇಪಣೆ ಬರಲಿಲ್ಲ ಅಂತ ಯಾರಾದರೂ ಕಡತದಲ್ಲಿ ಬರೆದಿದ್ದರೆ, ಅದು ನಿಜವೇ, ಅಲ್ವಾ?

ಮುಂದಿನದನ್ನು ಬೇಗ ಹೇಳುತ್ತೇನೆ. ಸೇತುವೆಗೆ ಅಂತ ಒಂದಿಷ್ಟು ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆಗೆ ಅಂತ ಇನ್ನಷ್ಟು. ಉಳಿದದ್ದು ತುಂಡುತುಂಡಾಗಿ ಮಾರಾಟ. 1965ರ ಹೊತ್ತಿಗೆ 80 ಎಕರೆಯೂ ಮುಗಿದಿತ್ತು. ವಾಯುಪಡೆಯ ಜಾಗದ ದೊಡ್ಡ ಭಾಗ ವೇನಿಯರ್ ಪಾರ್ಕ್ ಆಯಿತು. ಬಾರ್ಥಲೊಮ್ಯೂ ಹೇಳಿದ ಹಾಗೇ ಆಯಿತು ಅನ್ನಿ, 40 ವರ್ಷ ತಡವಾಗಿ. 1968ರಲ್ಲಿ ಅಲ್ಲೇ ನಗರದ ವಸ್ತುಸಂಗ್ರಹಾಲಯ ಬಂತು. ಅದರ ಪಕ್ಕದ ಹ್ಯಾಡನ್ ಪಾರ್ಕಿನಲ್ಲಿ 1958ರಲ್ಲೇ ಒಂದು 100 ಅಡಿ ಎತ್ತರದ ಟೋಟೆಮ್ ಕಂಬ ನಿಲ್ಲಿಸಿದ್ದರು, ಮಂಗೋ ಮಾರ್ಟಿನ್ ಅನ್ನುವ ಹೆಸರಾಂತ ಶಿಲ್ಪಿಯ ಕೆಲಸ. ಚೆಂದದ ಕೆತ್ತನೆ, ಆದರೆ ಮಾರ್ಟಿನ್ ಸ್ಕ್ವಾಮಿಶ್ ಅಲ್ಲ, ದೂರದ ಉತ್ತರದ ಕ್ವಕ್ವಕವಕ್ ಜನರವರು. ಊರಿನವರನ್ನು ಕಳಿಸಿಬಿಟ್ಟು ಇನ್ನೊಂದು ಊರಿನ ಕಂಬ ತಂದು ನಿಲ್ಲಿಸಿ ಮೂಲನಿವಾಸಿ ಸಂಸ್ಕೃತಿಗೆ ಗೌರವ ಅನ್ನುವುದು. ಆ ಪರಂಪರೆ ಖಾನೆ ಅಂದೆನಲ್ಲ, ಅದು ಕೆಲಸ ಮಾಡುವ ರೀತಿ ಹೀಗೆ.

ಸ್ಕ್ವಾಮಿಶ್ ಜನ 1970ರ ದಶಕದಲ್ಲಿ ಕೋರ್ಟಿಗೆ ಹೋದರು. ಕೇಸು ಎಷ್ಟು ವರ್ಷ ಎಳೆಯಿತು ಅಂದರೆ, ನಮ್ಮ ಕಡೆ ಅಜ್ಜ ಹೂಡಿದ ದಾವೆಗೆ ಮೊಮ್ಮಗ ತೀರ್ಪು ಕೇಳುತ್ತಾನೆ ಅನ್ನುತ್ತಾರಲ್ಲ, ಹಾಗೆ. 2000ದಲ್ಲಿ ಕೇಂದ್ರ ಸರ್ಕಾರದ ಜೊತೆ 92.5 ಮಿಲಿಯನ್ ಡಾಲರಿಗೆ ರಾಜಿಯಾಯಿತು, ಕಿಟ್ಸಿಲಾನೊ ಮತ್ತು ಬೇರೆ ಕೆಲವು ಜಾಗಗಳ ಹಕ್ಕಿನ ಬಗ್ಗೆ. ಮಸ್ಕ್ವಿಯಮ್ ಮತ್ತು ಸ್ಲೇಲ್-ವೌಟುತ್ ಅನ್ನುವ ನೆರೆಯ ಎರಡು ಫಸ್ಟ್ ನೇಷನ್‌ಗಳೂ (ಕೆನಡಾದಲ್ಲಿ ಮೂಲನಿವಾಸಿ ಸಮುದಾಯಗಳಿಗೆ ಹೇಳುವ ಹೆಸರು) ಇದೇ ರಿಸರ್ವಿನ ಮೇಲೆ ತಮ್ಮ ಹಕ್ಕು ಹೇಳಿದ್ದವು, ಕೋರ್ಟಿನಲ್ಲಿ ಅದು ಸ್ಕ್ವಾಮಿಶ್ ಕಡೆಗೆ ನಿಂತಿತು. ಇದನ್ನು ಮರೆಮಾಚುವುದು ಸರಿಯಲ್ಲ. ಮೂಲನಿವಾಸಿಗಳು ಅಂದರೆ ಒಂದೇ ಧ್ವನಿಯ ಒಂದೇ ಗುಂಪು ಅಂತ ತಿಳಿಯುವುದೂ ಹೊರಗಿನವರ ಸೋಮಾರಿತನವೇ.

ಜಮೀನು ಮಾತ್ರ ಬಂದದ್ದು ಇನ್ನೊಂದು ದಾರಿಯಲ್ಲಿ. ಹಳಿಗೆ ಅಂತ ರೈಲ್ವೆ ತೆಗೆದುಕೊಂಡಿದ್ದ ಪಟ್ಟಿಯಲ್ಲಿ ರೈಲು ನಿಂತುಹೋಗಿತ್ತು. ರೈಲ್ವೆ ಅದನ್ನು ಮಾರಬೇಕು ಅಂತಿತ್ತು. ರೈಲಿನ ಕೆಲಸಕ್ಕೆ ಅಂತ ತೆಗೆದುಕೊಂಡದ್ದು, ಆ ಕೆಲಸ ಮುಗಿದ ಮೇಲೆ ವಾಪಸ್ ರಿಸರ್ವಿಗೆ ಸೇರಬೇಕು ಅಂತ ಸ್ಕ್ವಾಮಿಶ್ ವಾದ. 2002ರಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ 10.5 ಎಕರೆ ಯಾಕೆ ಅಷ್ಟು ಸೊಟ್ಟಗಿದೆ ಅಂತ ಈಗ ಗೊತ್ತಾಯಿತಲ್ಲ: ಅದು ಊರಿನ ಆಕಾರ ಅಲ್ಲ, ರೈಲು ಹಳಿಯ ಆಕಾರ. 80 ಎಕರೆಯ ಊರು ಹೋಗಿ ಎಂಟರಲ್ಲಿ ಒಂದು ಪಾಲಿನಷ್ಟು ವಾಪಸ್ ಬಂತು, ಅದೂ ಸೇತುವೆಯ ಕೆಳಗೆ.

2019ರ ಏಪ್ರಿಲ್‌ನಲ್ಲಿ ಯೋಜನೆಯ ಸುದ್ದಿ ಹೊರಗೆ ಬಂದಾಗ 3,000 ಮನೆ ಅಂದಿದ್ದರು. ನವೆಂಬರ್ ಹೊತ್ತಿಗೆ 6,000 ಆಗಿತ್ತು. ಡಿಸೆಂಬರ್‌ನಲ್ಲಿ ಸ್ಕ್ವಾಮಿಶ್ ಸದಸ್ಯರ ಮತದಾನ ನಡೆಯಿತು, 87% ಜನ ಹೌದು ಅಂದರು. ಅವರ ನೇಷನ್ನಿನ ಸದಸ್ಯರು 4,000ದಷ್ಟು. ಮೊದಲು ವೆಸ್ಟ್‌ಬ್ಯಾಂಕ್ ಅನ್ನುವ ಬಿಲ್ಡರ್ ಪಾಲುದಾರ, ಆಮೇಲೆ ಆಪ್‌ಟ್ರಸ್ಟ್ ಅನ್ನುವ ಪಿಂಚಣಿ ನಿಧಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ವಸತಿ ನಿಗಮ 1.4 ಬಿಲಿಯನ್ ಡಾಲರ್ ಸಾಲ ಕೊಟ್ಟಿತು, ಆ ನಿಗಮ ಅಲ್ಲಿಯ ತನಕ ಕೊಟ್ಟ ಸಾಲಗಳಲ್ಲೇ ದೊಡ್ಡದು. ಕಾರಿಗೆ ಜಾಗ ಹತ್ತು ಮನೆಗೆ ಒಂದೋ ಎರಡೋ. ಇದನ್ನು ಕೇಳಿದ ಮೇಲೆ ಅಕ್ಕಪಕ್ಕದವರಿಗೆ ಗೋಪುರಕ್ಕಿಂತ ಜಾಸ್ತಿ ಚಿಂತೆ ಶುರುವಾಯಿತು ಅಂತ ಕಾಣುತ್ತದೆ. ಪಾರ್ಕಿಂಗ್ ಅಂದರೆ ಎಲ್ಲ ಊರಲ್ಲೂ ಒಂದೇ ಜಗಳ.

ಪಾಲಿಕೆಯ ಮಾತು ಯಾಕೆ ನಡೆಯಲಿಲ್ಲ? ಕೆನಡಾದ 1867ರ ಸಂವಿಧಾನ ಕಾಯ್ದೆಯ 91(24) ಪ್ರಕಾರ ಮೂಲನಿವಾಸಿಗಳಿಗೆ ಮೀಸಲಾದ ಭೂಮಿ ಕೇಂದ್ರದ ಕೈಯಲ್ಲಿದೆ. ಪಾಲಿಕೆ ಪ್ರಾಂತ್ಯದ ಕೂಸು. ಬೆಂಗಳೂರಿನಲ್ಲಿ ಮಿಲಿಟರಿ ಕಾಂಪೌಂಡಿನ ಒಳಗೆ ಪಾಲಿಕೆಯ ಎಂಜಿನಿಯರ್ ಹೋಗಿ ಸೆಟ್‌ಬ್ಯಾಕ್ ಅಳೆಯುವುದಿಲ್ಲವಲ್ಲ, ಹೆಚ್ಚುಕಮ್ಮಿ ಹಾಗೆ. ಇದರಲ್ಲಿ ಒಂದು ತಮಾಷೆ ಇದೆ. ಮೂಲನಿವಾಸಿಗಳನ್ನು ಹಿಡಿತದಲ್ಲಿಡಲು ವಸಾಹತು ಸರ್ಕಾರ ಬರೆದುಕೊಂಡ ವಾಕ್ಯ ಅದು. 150 ವರ್ಷ ಆದಮೇಲೆ ಅದೇ ವಾಕ್ಯ ಅವರ ಜಾಗಕ್ಕೆ ಕಾಂಪೌಂಡ್ ಗೋಡೆಯಾಯಿತು. ವ್ಯಾಂಕೂವರ್ ತನ್ನ ಯೋಜನೆಗೆ ಜಗತ್ಪ್ರಸಿದ್ಧ. ಬೆಟ್ಟದ ನೋಟ ಅಡ್ಡವಾಗದ ಹಾಗೆ 1989ರಿಂದ ನಿಗದಿ ಮಾಡಿರುವ ಎತ್ತರದ ಮಿತಿಗಳು, ಗೋಪುರದ ಕೆಳಗೆ ಅಂಗಡಿ ಸಾಲು, ಎಲ್ಲಕ್ಕೂ ಮಾರ್ಗಸೂಚಿ. ಆ ಎಲ್ಲಾ ಪುಸ್ತಕ ಈ 10.5 ಎಕರೆಯ ಗಡಿಯಲ್ಲಿ ನಿಲ್ಲುತ್ತದೆ.

ಆದರೆ ನೀರು, ಚರಂಡಿ, ಅಗ್ನಿಶಾಮಕ, ಪೊಲೀಸ್ ಬೇಕಲ್ಲ. ಅದಕ್ಕೆ ಸ್ಕ್ವಾಮಿಶ್ ನೇಷನ್ ಮತ್ತು ನಗರ 2022ರ ಮೇ ತಿಂಗಳಲ್ಲಿ ಸೇವಾ ಒಪ್ಪಂದ ಮಾಡಿಕೊಂಡವು, 120 ವರ್ಷದ ಅವಧಿಗೆ. ನಗರ ಸೇವೆ ಕೊಡುತ್ತದೆ, ನೇಷನ್ ಶುಲ್ಕ ಕಟ್ಟುತ್ತದೆ. ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು, ಸಹಿ ಆದ ಮೇಲೆ ಜನರ ಮುಂದೆ ಬಂತು. ಪಕ್ಕದ ನಿವಾಸಿಗಳ ಸಂಘ, ಕಿಟ್ಸ್ ಪಾಯಿಂಟ್ ಅನ್ನುವ ಬಡಾವಣೆಯದು, ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿತು. ನಗರ ನಮ್ಮನ್ನು ಕೇಳದೆ, ಅಹವಾಲು ಸಭೆ ನಡೆಸದೆ ಒಪ್ಪಿಕೊಂಡಿತು ಅನ್ನುವುದು ದೂರು. ಪಾರ್ಕಿನ ಅಂಚಿನಲ್ಲಿ ಹೋಗುವ ಹೊಸ ರಸ್ತೆಯ ಬಗ್ಗೆಯೂ ಸಿಟ್ಟಿತ್ತು. 2023ರಲ್ಲಿ ಅರ್ಜಿ ವಜಾ ಆಯಿತು.

ಆ ಅರ್ಜಿಯ ಬಗ್ಗೆ ನಗುವುದು ಸುಲಭ, ನನಗೂ ಮೊದಲು ನಗು ಬಂತು. ಅಜ್ಜನ ಹೆಸರನ್ನು ಇಟ್ಟುಕೊಂಡ ಸಂಘ ಮೊಮ್ಮಕ್ಕಳ ಯೋಜನೆಗೆ ಅಡ್ಡ ಬರುವುದು ಅಂದರೆ ಏನು. ಆದರೆ ಅವರ ದೂರನ್ನು ಸಿದ್ಧಾಂತದ ಕಣ್ಣಿನಿಂದ ನೋಡಿದರೆ ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. 1965ರಲ್ಲಿ ಅಮೆರಿಕದ ಪ್ಲ್ಯಾನರ್ ಪಾಲ್ ಡೇವಿಡಾಫ್ ಹೇಳಿದ್ದು, ತಜ್ಞ ಒಬ್ಬನೇ ಎಲ್ಲರ ಹಿತ ತಿಳಿದವನಲ್ಲ, ದನಿಯಿಲ್ಲದವರ ಪರವಾಗಿ ವಕೀಲನ ಹಾಗೆ ವಾದಿಸುವ ಪ್ಲ್ಯಾನರ್ ಬೇಕು ಅಂತ. 1969ರಲ್ಲಿ ಶೆರಿ ಆರ್ನ್‌ಸ್ಟೈನ್ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿ ಮಾಡಿ ತೋರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಪುಸಲಾಯಿಸುವುದು, ನಡುವೆ ತೋರಿಕೆಗೆ ಅಭಿಪ್ರಾಯ ಕೇಳುವುದು, ಮೇಲೆ ಜನರದೇ ಹಿಡಿತ. 1990ರ ದಶಕದಲ್ಲಿ ಪ್ಯಾಟ್ಸಿ ಹೀಲಿ ಅಂಥವರು ಎಲ್ಲರೂ ಕೂತು ಮಾತಾಡಿ ಒಮ್ಮತಕ್ಕೆ ಬರುವುದೇ ಯೋಜನೆ ಅಂದರು. ವ್ಯಾಂಕೂವರಿನವರು ಇದನ್ನು ಓದಿ ಕಲಿತವರಲ್ಲ, ಬೀದಿಯಲ್ಲಿ ಕಲಿತವರು. 1960ರ ದಶಕದ ಕೊನೆಯಲ್ಲಿ ಚೈನಾಟೌನ್ ಮತ್ತು ಸ್ಟ್ರಾತ್‌ಕೋನಾದ ಜನ ಹೆದ್ದಾರಿ ಯೋಜನೆಯನ್ನು ತಡೆದರು. 70ರ ದಶಕದಲ್ಲಿ ಕಿಟ್ಸಿಲಾನೊದವರು ಹೋರಾಡಿ ತಮ್ಮ ಬಡಾವಣೆಗೆ ಗೋಪುರಗಳು ಬಾರದ ಹಾಗೆ ಝೋನಿಂಗ್ ಮಾಡಿಸಿಕೊಂಡರು.

ಈಗ ಪ್ರಶ್ನೆ: ಆ ಏಣಿಯನ್ನು ಯಾವ ಗೋಡೆಗೆ ಒರಗಿಸಿದ್ದರು? ಆರ್ನ್‌ಸ್ಟೈನ್ ಲೆಕ್ಕದಲ್ಲಿ ಒಂದು ಸರ್ಕಾರ ಇದೆ, ಅದರ ಕೆಳಗೆ ನಾಗರಿಕರಿದ್ದಾರೆ, ಅಧಿಕಾರ ಮೇಲಿಂದ ಕೆಳಗೆ ಹಂಚಿಕೆಯಾಗಬೇಕು. ಸ್ಕ್ವಾಮಿಶ್ ಜನ ಆ ಏಣಿಯ ಯಾವ ಮೆಟ್ಟಿಲಲ್ಲೂ ಇಲ್ಲ. ಅವರು ಹೇಳುವುದು, ನಾವು ನಿಮ್ಮ ನಾಗರಿಕರ ಒಂದು ಗುಂಪಲ್ಲ, ನಿಮ್ಮ ಹಾಗೆ ಒಂದು ಸರ್ಕಾರ, ನಿಮಗಿಂತ ಮುಂಚಿನದು. ಹೀಲಿಯವರ ಮಾತುಕತೆಯ ಸಿದ್ಧಾಂತಕ್ಕೂ ಇದೇ ತೊಡಕು. ಎಲ್ಲರನ್ನೂ ಸಮಾನವಾಗಿ ಕೂರಿಸಿ ಮಾತಾಡೋಣ ಅಂದಾಗ, ಮೂಲದಲ್ಲಿ ನೆಲ ಯಾರದು ಅನ್ನುವುದು ಚರ್ಚೆಗೆ ಇಟ್ಟ ಹತ್ತು ವಿಷಯದಲ್ಲಿ ಒಂದಾಗಿಬಿಡುತ್ತದೆ. ಆಗ ಅರ್ಧ ಸೋತ ಹಾಗೆಯೇ. ಅದಕ್ಕೇ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಪ್ಲ್ಯಾನರ್ ಹಿರಿನಿ ಮಟುಂಗಾ, ಅಮೆರಿಕದ ಮೂಲನಿವಾಸಿ ಪ್ಯೂಬ್ಲೊ ಜನರ ಟೆಡ್ ಹೊಹೋಲಾ ಅಂಥವರು ಮೂಲನಿವಾಸಿ ಯೋಜನೆ ಅಂದರೆ ನಿಮ್ಮ ಯೋಜನೆಯಲ್ಲಿ ನಮಗೊಂದು ಅಧ್ಯಾಯ ಅಲ್ಲ, ಅದೇ ಬೇರೆ ಪರಂಪರೆ, ತನ್ನ ಜನ ತನ್ನ ನೆಲ ತನ್ನ ನಿರ್ಧಾರ ಅನ್ನುತ್ತಾರೆ. ವ್ಯಾಂಕೂವರ್ ನಗರಸಭೆಯೇ 2014ರಲ್ಲಿ ಒಮ್ಮತದಿಂದ ಒಪ್ಪಿಕೊಂಡಿದೆ, ಈ ನಗರ ನಿಂತಿರುವುದು ಮೂರು ನೇಷನ್‌ಗಳು ಎಂದೂ ಬಿಟ್ಟುಕೊಡದ ನೆಲದ ಮೇಲೆ ಅಂತ. ಸಭೆ ಶುರುವಾಗುವ ಮುಂಚೆ ಆ ಸಾಲು ಓದುವುದು ಒಂದು, ಆ ಸಾಲು 50 ಮಹಡಿಯಾಗಿ ಕಿಟಕಿ ಎದುರಿಗೆ ಬಂದು ನಿಲ್ಲುವುದು ಇನ್ನೊಂದು.

ನೆರೆಯವರ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು: ಗಾಜಿನ ಗೋಪುರ ಮೂಲನಿವಾಸಿ ಸಂಸ್ಕೃತಿಯೇ ಅಲ್ಲ ಅನ್ನುವುದು. ಅಂದರೆ ಅವರು ಮರದ ಮನೆ ಕಟ್ಟಬೇಕಿತ್ತು, ಹುಲ್ಲುಹಾಸು ಬಿಡಬೇಕಿತ್ತು, ನಮಗೆ ವಾಕಿಂಗ್ ಹೋಗಲು ಚೆಂದ ಇರಬೇಕಿತ್ತು. 1929ರ ಯೋಜನೆ ಖಾಲಿ ಜಾಗ ನೋಡಿ ಪಾರ್ಕ್ ಅಂದಿತು. 2019ರಲ್ಲೂ ಇಲ್ಲಿ ಹಸಿರೇ ಚೆಂದ ಅನ್ನುವ ಮಾತು ಬಂತು. ನಡುವೆ 90 ವರ್ಷ. ನಮ್ಮಲ್ಲೂ ಕಾಡಿನ ಜನ ಮೊಬೈಲ್ ಹಿಡಿದರೆ ಇವರೆಂಥಾ ಆದಿವಾಸಿ ಅನ್ನುವವರಿದ್ದಾರೆ, ಹೊಸದೇನಲ್ಲ.

ಹಾಗಂತ ಸೆನಾಕ್ವ್ ಬಗ್ಗೆ ನನಗೆ ಅನುಮಾನವೇ ಇಲ್ಲ ಅಂತಲ್ಲ. 6,000 ಮನೆಗಳಲ್ಲಿ ಬಹುಪಾಲು ಇರುವವರು ಹೊರಗಿನ ಬಾಡಿಗೆದಾರರು. ಸ್ಕ್ವಾಮಿಶ್ ಕೌನ್ಸಿಲಿಗೆ ಅವರು ಮತ ಹಾಕುವಂತಿಲ್ಲ. ನಾಳೆ ಬಾಡಿಗೆಯೋ ಲಿಫ್ಟೋ ಆಟದ ಮೈದಾನವೋ ತಕರಾರಾದರೆ ತಾವು ಆರಿಸದ, ಆದರೆ ತಾವಿರುವ ನೆಲಕ್ಕೆ ಒಡೆಯನಾದ ಸರ್ಕಾರದ ಹತ್ತಿರ ಅವರು ಹೋಗಬೇಕು. ಇದಕ್ಕೆ ಸಿದ್ಧಾಂತದಲ್ಲಿ ಉತ್ತರ ಇಲ್ಲ, ಕರಾರಿನಲ್ಲಿ ಇರಬೇಕು. ಸ್ಕ್ವಾಮಿಶ್ ಸದಸ್ಯರಿಗೇ ಮೀಸಲಿಟ್ಟ ಮನೆಗಳು ಕೆಲವು ನೂರು ಮಾತ್ರ. ಯೋಜನೆಯ ತರ್ಕ ಬೇರೆ ಇದೆ: ಇಲ್ಲಿ ಬಾಡಿಗೆ ದುಡಿಯಲಿ, ಆ ದುಡ್ಡಿನಲ್ಲಿ ಬೇರೆ ಕಡೆ ನಮ್ಮ ಜನಕ್ಕೆ ಮನೆ, ಶಾಲೆ, ಭಾಷೆಯ ಕೆಲಸ ಆಗಲಿ. ಪೇಟೆಯಲ್ಲಿರುವ ಸೈಟನ್ನು ಅಂಗಡಿಗೆ ಬಾಡಿಗೆ ಕೊಟ್ಟು ಊರಲ್ಲಿ ಸಂಸಾರ ನಡೆಸುವ ಮನೆಯವರ ಲೆಕ್ಕ. ಲೆಕ್ಕ ಸರಿಯೇ ಇರಬಹುದು. ಆದರೂ ಬಿಲಿಯನ್ ಡಾಲರ್ ಸಾಲ, ಪಿಂಚಣಿ ನಿಧಿ, ಬಡ್ಡಿ ದರ ಅಂತ ಬಂದಮೇಲೆ ಎಷ್ಟು ನಿರ್ಧಾರ ಊರಿನವರದು, ಎಷ್ಟು ಹಣಕಾಸಿನವರದು ಅನ್ನುವುದನ್ನು ಕೇಳುತ್ತಲೇ ಇರಬೇಕಾಗುತ್ತದೆ. ಮೂಲನಿವಾಸಿಗಳ ಯೋಜನೆ ಅನ್ನುವ ಕಾರಣಕ್ಕೆ ಈ ಪ್ರಶ್ನೆ ಕೇಳದೆ ಬಿಡುವುದೂ ಒಂದು ಬಗೆಯ ಉದಾಸೀನವೇ.

ಇಷ್ಟನ್ನೂ ನೋಡಿ ನಗರಗಳು ಬದಲಾಗಿವೆ ಅಂತ ತೀರ್ಮಾನ ಮಾಡುವ ಮುಂಚೆ ಇನ್ನೊಂದು ಜಾಗ ನೋಡಬೇಕು. ಸೆನಾಕ್ವ್‌ನಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜೆರಿಕೊ ಅಂತ ಸುಮಾರು 90 ಎಕರೆ ಇದೆ. ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇಲ್-ವೌಟುತ್ ಮೂರೂ ನೇಷನ್‌ಗಳು ಸೇರಿ, ಕೆನಡಾ ಲ್ಯಾಂಡ್ಸ್ ಅನ್ನುವ ಕೇಂದ್ರದ ಕಂಪನಿಯ ಜೊತೆ, ಅಲ್ಲೂ ಸಾವಿರಾರು ಮನೆ ಕಟ್ಟಲು ಹೊರಟಿವೆ. ಸೆನಾಕ್ವ್‌ಗಿಂತ ಎಂಟು ಪಟ್ಟು ದೊಡ್ಡ ಜಾಗ, ಅದೂ ಅವರ ಹಳೇ ಊರಿದ್ದ ನೆಲವೇ. ಒಂದೇ ವ್ಯತ್ಯಾಸ: ಅದು ರಿಸರ್ವ್ ಅಲ್ಲ. ದುಡ್ಡು ಕೊಟ್ಟು ಕೊಂಡದ್ದು. ಆದ್ದರಿಂದ ಅಲ್ಲಿ ನಗರದ ಝೋನಿಂಗ್ ಇದೆ, ಮಾರ್ಗಸೂಚಿ ಇದೆ, ವರ್ಷಗಟ್ಟಲೆ ಸಾರ್ವಜನಿಕ ಸಮಾಲೋಚನೆ ಇದೆ. 2024ರ ಜನವರಿಯಲ್ಲಿ ನಗರಸಭೆ ಅದರ ನೀತಿಯನ್ನು ಒಪ್ಪುವ ಮುಂಚೆ ಎಷ್ಟೋ ಜನ ಬಂದು ಎತ್ತರ ಜಾಸ್ತಿಯಾಯಿತು, ನೋಟ ಹೋಗುತ್ತದೆ, ಟ್ರಾಫಿಕ್ ಆಗುತ್ತದೆ ಅಂದರು. ಸೆನಾಕ್ವ್‌ನಲ್ಲಿ ಸರ್ಕಾರವಾಗಿದ್ದ ಅದೇ ಸ್ಕ್ವಾಮಿಶ್ ನೇಷನ್, ಜೆರಿಕೊದಲ್ಲಿ ಅರ್ಜಿದಾರ.